ಕೇಳಿದರೆ ಹೇಳಬೇಕಲ್ಲ

ದಿಲ್‌ಸುಖ್‌ನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಹತ್ತಿರ ಬೆಳಿಗ್ಗೆ ಹೊತ್ತು ಒಬ್ಬ ಹಿರಿಯರು ನಿಲ್ಲುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಇಲ್ಲಿ ಕೋಚಿಂಗ್ ಸೆಂಟರಿನ ಹುಡುಗರು, ಹಾಸ್ಟೆಲಿನವರು, ಕನ್ನಡಕದ ಅಂಗಡಿಯವರು ಎಲ್ಲರೂ ಪಾಂಪ್ಲೆಟ್ ಹಂಚುತ್ತಾರೆ. ಆ ಸಾಲಿನಲ್ಲೇ ಇವರೂ ನಿಂತು ತೆಲುಗಿನಲ್ಲಿ ಅಚ್ಚಾದ ಒಂದು ಸಣ್ಣ ಕಾಗದ ಕೊಡುತ್ತಾರೆ. ಅದರಲ್ಲಿ ಯೇಸುವಿನ ವಿಷಯ ಇರುತ್ತದೆ. ಹತ್ತು ಜನರಲ್ಲಿ ಆರು ಜನ ತೆಗೆದುಕೊಳ್ಳುವುದಿಲ್ಲ. ಇಬ್ಬರು ತೆಗೆದುಕೊಂಡು ನಾಲ್ಕನೇ ಮೆಟ್ಟಿಲಲ್ಲಿ ಬಿಸಾಡುತ್ತಾರೆ. ಅವರು ಬಗ್ಗಿ ಅದನ್ನು ಎತ್ತಿ, ದೂಳು ಒರೆಸಿ, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ನಾನು ಅವರನ್ನು ದೂರದಿಂದ ಕಂಡರೆ ರಸ್ತೆ ದಾಟಿ ಆಚೆ ಬದಿಯ ಮೆಟ್ಟಿಲು ಹಿಡಿಯುತ್ತಿದ್ದೆ. ಇದರಲ್ಲೇನು ವಿಶೇಷ, ಎಲ್ಲರೂ ಹಾಗೇ ಮಾಡುತ್ತಾರೆ ಅನ್ನಬಹುದು. ವಿಶೇಷ ಇಷ್ಟೇ, ನಾನೂ ಕ್ರೈಸ್ತ. ಪ್ರತಿ ಭಾನುವಾರ ಚರ್ಚಿಗೆ ಹೋಗುವವನು. ಆ ಕಾಗದದಲ್ಲಿ ಬರೆದದ್ದನ್ನು ನಂಬುವವನು. ಆದರೂ ಅವರ ಪಕ್ಕದಲ್ಲಿ ನಿಂತದ್ದನ್ನು ಆಫೀಸಿನವರು ಯಾರಾದರೂ ನೋಡಿಬಿಟ್ಟರೆ ಎಂಬ ಅಳುಕು.

ಈ ಅಳುಕಿಗೆ ಇಪ್ಪತ್ತು ವರ್ಷದ ಕತೆ ಇದೆ. ಅದನ್ನು ಇಲ್ಲಿ ಹೇಳಿಕೊಳ್ಳಬೇಕು ಅನ್ನಿಸಿತು. ಈ ಪತ್ರಿಕೆ ಓದುವವರಲ್ಲಿ ಹೆಚ್ಚಿನವರು ನನ್ನ ನಂಬಿಕೆಯವರಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮದು ಬೀದರ್ ಜಿಲ್ಲೆ, ಹುಮನಾಬಾದ್ ಕಡೆ. 1956ರ ನವೆಂಬರ್ ತನಕ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹಾಗಾಗಿ ನಮ್ಮ ಕಡೆಯವರಿಗೆ ಹೈದರಾಬಾದ್ ಪರ ಊರಲ್ಲ. ಎಂಜಿಬಿಎಸ್‌ನಲ್ಲಿ ಬಸ್ ಹತ್ತಿದರೆ ಜಹೀರಾಬಾದ್ ದಾಟಿ ಮನೆ. ನಿಜಾಮರ ಕಾಲದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು ಬೀದರ್ ಸೀಮೆಗೆ ಬಂದರು. ನಮ್ಮ ಮುತ್ಯಾನ ಅಪ್ಪ ಮಾದಿಗರ ಕೇರಿಯವರು. ಊರ ಬಾವಿಗೆ ಇಳಿಯುವಂತಿರಲಿಲ್ಲ, ಶಾಲೆಯ ಕಟ್ಟೆ ಹತ್ತುವಂತಿರಲಿಲ್ಲ. ಅವರ ಕೇರಿಗೆ ಯಾರೋ ಒಬ್ಬರು ನಡೆದು ಬಂದು, ಅವರ ಚಾಪೆಯ ಮೇಲೆ ಕೂತು, ಅವರ ಮನೆಯ ನೀರು ಕುಡಿದು, ದೇವರು ನಿನ್ನನ್ನೂ ಹೆಸರಿಡಿದು ಬಲ್ಲ ಎಂದು ಹೇಳಿದರು. ಆ ಮಾತು ಹೇಳದೇ ಹೋಗಿದ್ದರೆ ನಮ್ಮ ಮನೆಗೆ ಅಕ್ಷರ ಬರುತ್ತಿತ್ತೋ ಇಲ್ಲವೋ. ನಾನು ಎಂಟೆಕ್ ಮಾಡಿ, ಹೈಟೆಕ್ ಸಿಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿ, ಪ್ರಚಾರ ಮಾಡುವವರನ್ನು ಕಂಡು ರಸ್ತೆ ದಾಟುವ ಅನುಕೂಲವೂ ನನಗೆ ಬರುತ್ತಿರಲಿಲ್ಲ.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮಿಷನ್ನಿನಲ್ಲಿ 'ಬೈಬಲ್ ವುಮನ್' ಆಗಿದ್ದಳು. ಹಳ್ಳಿಹಳ್ಳಿ ನಡೆದು ಹೆಂಗಸರಿಗೆ ಸತ್ಯವೇದ ಓದಿ ಹೇಳುವ ಕೆಲಸ. ಚೀಲದಲ್ಲಿ ಸತ್ಯವೇದದ ಜೊತೆ ಟಿಂಚರ್ ಸೀಸೆ, ಹತ್ತಿ, ಜ್ವರದ ಗುಳಿಗೆ. ಹಳ್ಳಿಯವರು ಅವಳನ್ನು 'ಗುಳಿಗಿ ಆಯಿ' ಅಂತಲೇ ಕರೆಯುತ್ತಿದ್ದರಂತೆ. ನಾನು ಚಿಕ್ಕವನಿದ್ದಾಗ ಕೇಳಿದ್ದೆ, "ಆಯಿ, ಮಂದಿ ಮನಿಗಿ ಹೋಗಿ ಮೊದಲ ಏನ್ ಹೇಳ್ತಿದ್ದಿ?" ಅವಳು ಎಲೆ ಅಡಿಕೆ ಕುಟ್ಟುತ್ತ ಅಂದಳು, "ಮೊದಲ ಏನೂ ಹೇಳ್ತಿದ್ದಿಲ್ಲ. ಅವರ ಮಾತು ಮುಗೀಬೇಕಲ್ಲ. ಒಬ್ಬಾಕಿ ಮಾತು ಮುಗೀಲಿಕ್ಕೆ ಎರಡು ವರ್ಷ ಹಿಡೀತು."

ಈ ಮಾತು ಆಗ ನನಗೆ ತಮಾಷೆಯಾಗಿ ಕಂಡಿತ್ತು.

ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ನನಗೆ ಇಪ್ಪತ್ತಮೂರು ವರ್ಷ. ಭಕ್ತಿಯೂ ಬಿಸಿ, ಮಾತೂ ಬಿಸಿ. ಸುವಾರ್ತೆ ಸಾರುವುದು ಪ್ರತಿ ವಿಶ್ವಾಸಿಯ ಕರ್ತವ್ಯ ಎಂದು ಕಲಿತಿದ್ದೆ. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಎಲ್ಲ ಜನಾಂಗಗಳ ಬಳಿಗೆ ಕಳಿಸುತ್ತಾನೆ. ನನ್ನ ಪಾಲಿನ ಜನಾಂಗ ಎಂದರೆ ನನ್ನ ರೂಮ್‌ಮೇಟ್. ಶಿವಮೊಗ್ಗದ ಹುಡುಗ, ಬಹಳ ಒಳ್ಳೆಯವನು, ನನ್ನ ಲ್ಯಾಬ್ ರೆಕಾರ್ಡುಗಳನ್ನು ಅವನೇ ತಿದ್ದುತ್ತಿದ್ದ. ಎರಡನೇ ವರ್ಷ ಅವನ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಒಂದು ರಾತ್ರಿ ಅವನು ಊರಿನಿಂದ ಬಂದು ಚೀಲವನ್ನೂ ಇಳಿಸದೆ ಮಂಚದ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತು, ನಿಮ್ಮ ತಾಯಿ ಯೇಸುವನ್ನು ನಂಬಿದರೆ ವಾಸಿಯಾಗುತ್ತಾರೆ ಎಂದೆ. ಕೈಯಲ್ಲಿ ಒಂದು ಪುಸ್ತಿಕೆ ಕೂಡ ಇತ್ತು.

ಅವನು ಬಹಳ ಹೊತ್ತು ನನ್ನನ್ನು ನೋಡಿದ. ಆಮೇಲೆ ಮೆತ್ತಗೆ ಅಂದ, "ನಮ್ಮಮ್ಮನ ಕಾಯಿಲೆ ನಿಂಗೆ ಒಂದು ಅವಕಾಶ ಅಲ್ವೇನೋ?"

ಮರುದಿನ ರೂಮು ಬದಲಿಸಿಕೊಂಡ. ನಾಲ್ಕು ತಿಂಗಳಿಗೆ ಅವನ ತಾಯಿ ತೀರಿಕೊಂಡರು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಆ ದಿನಗಳಲ್ಲಿ ಭಾನುವಾರ ಮಂಗಳೂರಿಗೆ ಹೋಗಿ ಬಲ್ಮಠದ ಗುಡ್ಡದ ಮೇಲೆ ಸುಮ್ಮನೆ ಕೂರುತ್ತಿದ್ದೆ. ಶಾಂತಿ ಕೆಥೆಡ್ರಲ್, ದೇವಶಾಸ್ತ್ರದ ಕಾಲೇಜು, ಹಳೆಯ ಮರಗಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಮೋಗ್ಲಿಂಗ್ 1836ರಲ್ಲಿ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಕಿಟೆಲ್ 1853ರಲ್ಲಿ ಬಂದರು. ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಇದೆಲ್ಲ ನಮ್ಮ ಓದುಗರಿಗೆ ಗೊತ್ತಿರುವುದೇ. ಪ್ರತಿ ನವೆಂಬರಿನಲ್ಲಿ ನಾವು ಕಿಟೆಲ್ಲರನ್ನು ನೆನೆಯುತ್ತೇವೆ. ಅವರು ಹಡಗು ಹತ್ತಿದ್ದು ನಿಘಂಟು ಮಾಡಲಿಕ್ಕಲ್ಲ, ಸುವಾರ್ತೆ ಸಾರಲಿಕ್ಕೆ ಎಂಬುದನ್ನು ಮಾತ್ರ ಭಾಷಣದಲ್ಲಿ ಒಂದು ಸಾಲಿನಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತೇವೆ. ನಿಘಂಟು ಬೇಕು, ಅದು ಬಂದ ಕಾರಣ ಬೇಡ.

ಅದನ್ನು ದೂರುತ್ತಿಲ್ಲ. ಆ ಕಾರಣಕ್ಕೆ ಇನ್ನೊಂದು ಮುಖವೂ ಇತ್ತು. 1844ರಲ್ಲಿ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ಒಬ್ಬ ಮಗ ಹೊಸ ನಂಬಿಕೆಗೆ ಹೋದರೆ ಹಿಂದೆ ಉಳಿದ ಮನೆಯವರಿಗೆ ಅದು ಸಾವಿನ ಸಮಾನ. ಬಡವರು ಕ್ರೈಸ್ತರಾದಾಗ ಜಾತಿಯ ಜೊತೆ ಕಸುಬೂ ಹೋಗುತ್ತಿತ್ತು, ಇರುವ ಮನೆಯೂ ಹೋಗುತ್ತಿತ್ತು. ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ಹಾಕಿದ್ದರ ಹಿಂದೆ, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರ ಹಿಂದೆ ಈ ಚಿಂತೆಯೂ ಇತ್ತು. ಒಬ್ಬರಿಗೆ ಒಂದು ಮಾತು ಹೇಳುವುದು ಎಂದರೆ ಆ ಮಾತಿನಿಂದ ಅವರ ಬದುಕಿಗೆ ಆಗುವುದನ್ನೂ ಹೊರಬೇಕು. ನಾನು ರೂಮ್‌ಮೇಟಿಗೆ ಪುಸ್ತಿಕೆ ಕೊಟ್ಟಾಗ ಏನನ್ನು ಹೊರಲು ತಯಾರಿದ್ದೆ? ಆಸ್ಪತ್ರೆಗೆ ಒಂದು ಸಲವೂ ಹೋಗಿರಲಿಲ್ಲ.

ಬಲ್ಮಠದಲ್ಲಿ ಕೂತು ಕಿಟೆಲ್ಲರ ನಿಘಂಟಿನ ಬಗ್ಗೆ ಯೋಚಿಸಿದಾಗ ನನಗೆ ಹೊಳೆದದ್ದು ಇದು: ಹೇಳಲಿಕ್ಕೆ ಬಂದ ಮನುಷ್ಯ ನಾಲ್ಕು ದಶಕಗಳಷ್ಟು ಕಾಲ ಕೇಳಿಸಿಕೊಂಡಿದ್ದಾನೆ. ಸುಮಾರು 70,000 ಶಬ್ದಗಳು. ಬೇಸಾಯದವನ ಮಾತು, ಬಡಗಿಯ ಮಾತು, ಗಾದೆ, ಹಳಗನ್ನಡದ ಪದ್ಯ. ಮೋಗ್ಲಿಂಗ್ ಅಂತೂ ದಾಸರ ಪದಗಳನ್ನು, ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದರು. ಅವು ತಮ್ಮ ನಂಬಿಕೆಯವಲ್ಲ ಎಂದು ಗೊತ್ತಿದ್ದೇ. ಆಯಿ ಹೇಳಿದ ಎರಡು ವರ್ಷ ಆಗ ನೆನಪಾಯಿತು. ನನ್ನ ರೂಮ್‌ಮೇಟಿನ ಮಾತು ಮುಗಿಯಲಿಕ್ಕೆ ನಾನು ಎರಡು ನಿಮಿಷವನ್ನೂ ಕೊಟ್ಟಿರಲಿಲ್ಲ.

ಆದರೆ ಇದರಿಂದ ಕಲಿತದ್ದು ತಪ್ಪು ಪಾಠ. ಕೇಳಿಸಿಕೊಳ್ಳಬೇಕು ಎನ್ನುವುದನ್ನು ಬಿಟ್ಟು, ಬಾಯಿ ಮುಚ್ಚಿಕೊಂಡಿರಬೇಕು ಎಂದು ಕಲಿತೆ. ಇಪ್ಪತ್ತು ವರ್ಷ ಮುಚ್ಚಿಕೊಂಡೇ ಇದ್ದೆ.

ಅದಕ್ಕೆ ಕಾರಣಗಳೂ ಸಿಕ್ಕವು, ಒಳ್ಳೆಯ ಕಾರಣಗಳೇ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆ ಹಕ್ಕು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಯ್ದೆ, 2022ರಲ್ಲಿ ಕರ್ನಾಟಕದಲ್ಲೂ ಬಂತು. ನಮ್ಮ ಕಡೆಯ ಸಣ್ಣ ಪ್ರಾರ್ಥನಾ ಕೂಟಗಳು ಕಿಟಕಿ ಮುಚ್ಚಿ ಹಾಡುವ ದಿನಗಳಿವು. ಇದರ ಮೇಲೆ ನಾನು ಮ್ಯಾನೇಜರ್. ನನ್ನ ಕೆಳಗೆ ಹದಿನಾಲ್ಕು ಜನ. ಅವರ ಅಪ್ರೈಸಲ್ ನಾನು ಬರೆಯಬೇಕು. ಅಂಥವನು ನಂಬಿಕೆಯ ಮಾತೆತ್ತಿದರೆ ಎದುರಿಗಿರುವವರು ತಲೆ ಆಡಿಸಬಹುದು, ಆದರೆ ಆ ತಲೆಯಾಟ ರೇಟಿಂಗಿಗೋ ಮಾತಿಗೋ ಯಾರಿಗೆ ಗೊತ್ತು? ಇಷ್ಟೆಲ್ಲ ಕಾರಣಗಳ ಹಿಂದೆ ಬರೀ ಹೆದರಿಕೆಯೂ ಕೂತಿತ್ತು. ಯಾವುದು ಮರ್ಯಾದೆ, ಯಾವುದು ಹೆದರಿಕೆ ಎಂದು ಬೇರ್ಪಡಿಸಲು ನಾನು ಪ್ರಯತ್ನ ಮಾಡಲಿಲ್ಲ.

ಹೀಗಿರುವಾಗ ಸಿಂಧನೂರಿನ ಹುಡುಗ ನನ್ನ ತಂಡಕ್ಕೆ ಬಂದ. ದಿಲ್‌ಸುಖ್‌ನಗರದಲ್ಲೇ ಹಾಸ್ಟೆಲಿನಲ್ಲಿದ್ದ. ಹಣೆಗೆ ವಿಭೂತಿ ಹಚ್ಚದೆ ಹೊರಗೆ ಕಾಲಿಡದವನು. ಇಬ್ಬರೂ ಕನ್ನಡದವರು ಅಂತ ದಿನಾ ಒಟ್ಟಿಗೆ ಮೆಟ್ರೋ ಹತ್ತುತ್ತಿದ್ದೆವು, ಅಮೀರ್‌ಪೇಟೆಯಲ್ಲಿ ಇಳಿದು ಹೈಟೆಕ್ ಸಿಟಿಯ ರೈಲು ಹಿಡಿಯುತ್ತಿದ್ದೆವು. ಮಲಕ್‌ಪೇಟೆ ದಾಟಿ ಮೂಸಿ ನದಿ ಬರುವ ಹೊತ್ತಿಗೆ ನಾನು ಒಂದೆರಡು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತೇನೆ. ಹೆಂಡತಿ, ಮಗಳು, ಅವ್ವನ ಮೊಣಕಾಲು, ಆ ದಿನದ ರಿಲೀಸ್, ತಂಡದ ಒಬ್ಬೊಬ್ಬರ ಹೆಸರು. ಅವನು ಇದನ್ನು ಗಮನಿಸಿದ್ದ.

"ಸರ್, ಒಂದು ಮಾತು ಕೇಳ್ಲಾ? ದಿನಾ ಇದೇ ಜಾಗದಾಗ ಕಣ್ಣು ಮುಚ್ಚಿ ಏನ್ ಮಾಡ್ತೀರಿ?"

ನಾನು ನಕ್ಕು ಅಂದೆ, "ಏನಿಲ್ಲಪ್ಪಾ, ಸ್ವಲ್ಪ ಬ್ರೀದಿಂಗ್ ಎಕ್ಸರ್‌ಸೈಜ್. ಟೆನ್ಷನ್ ಕಮ್ಮಿ ಆಗ್ತದ."

ಅವನು ನಂಬಿದ. ಮರುದಿನದಿಂದ ಅವನೂ ಮೂಸಿ ಬಂದಾಗ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಲು ಶುರು ಮಾಡಿದ.

ಯೇಸುವನ್ನು ಹಿಡಿದ ರಾತ್ರಿ ಪೇತ್ರನು ಅಂಗಳದ ಬೆಂಕಿಯ ಹತ್ತಿರ ಕೂತು, ಅವನು ಯಾರೋ ನನಗೆ ಗೊತ್ತಿಲ್ಲ ಎಂದನಂತೆ. ಪೇತ್ರನ ಎದುರಿಗೆ ಸೈನಿಕರಿದ್ದರು, ಕೊಂದುಬಿಡುವ ಭಯ ಇತ್ತು. ನನ್ನ ಎದುರಿಗಿದ್ದದ್ದು ಪ್ರೀತಿಯಿಂದ ಕೇಳಿದ ಒಬ್ಬ ಹುಡುಗ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಆ ದಿನ ಆಫೀಸಿನಲ್ಲಿ ಏನೂ ಓದಲಾಗಲಿಲ್ಲ.

ಅದೇ ವರ್ಷ ಮಳೆಗಾಲದಲ್ಲಿ ಅವನ ಅಪ್ಪನಿಗೆ ಲಕ್ವಾ ಹೊಡೆಯಿತು. ಸಿಂಧನೂರಿನಿಂದ ರಾಯಚೂರಿಗೆ, ಅಲ್ಲಿಂದ ಇಲ್ಲಿಗೆ ತಂದರು. ಒಂದು ಖಾಸಗಿ ಆಸ್ಪತ್ರೆಯ ಐಸಿಯು. ಇವನಿಗೆ ಇಪ್ಪತ್ತಾರು ವರ್ಷ, ಅವನ ತಾಯಿಗೆ ತೆಲುಗು ಅರ್ಧಂಬರ್ಧ, ಹಿಂದಿ ಬಾರದು. ನಾನು ರಜೆಯ ವಿಷಯ ಮುಗಿಸಿಕೊಟ್ಟೆ, ಇನ್ಶೂರೆನ್ಸ್ ಕಾಗದ ಓದಿದೆ, ರಾತ್ರಿ ಪಾಳಿಯಲ್ಲಿ ಕೂತೆ. ನನ್ನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಡುತ್ತಿದ್ದಳು. ಶಿವಮೊಗ್ಗದ ಗೆಳೆಯನಿಗೆ ಕೊಡಬೇಕಾಗಿದ್ದ ಸಾಲವನ್ನು ಇಲ್ಲಿ ತೀರಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆ ಹನ್ನೊಂದು ದಿನ ನಾನು ದೇವರ ಸುದ್ದಿ ಎತ್ತಲಿಲ್ಲ. ಈ ಸಲ ಅದು ಹೆದರಿಕೆಯಲ್ಲ ಎಂದು ಗಟ್ಟಿಯಾಗಿ ಹೇಳಬಲ್ಲೆ. ಅವರ ಕಷ್ಟ ನನಗೆ ಮತ್ತೆ ಅವಕಾಶವಾಗಬಾರದು ಅಷ್ಟೆ.

ಎಂಟನೇ ರಾತ್ರಿ ಆ ತಾಯಿ ಕೇಳಿದರು. ಕಾರಿಡಾರಿನಲ್ಲಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆವು.

"ಅಣ್ಣಾ, ನೀವು ಯೇಸುಸ್ವಾಮಿ ಮಂದಿ ಅಂತಲ್ಲ?"

ನನ್ನ ಎದೆ ಧಸಕ್ಕೆಂದಿತು. ಯಾರು ಹೇಳಿದರೋ. "ಹೌದವ್ವಾ," ಅಂದೆ.

"ಮತ್ತ ಎಂಟು ದಿನ ಆತು, ನಿಮ್ಮ ದೇವರಿಗೆ ಒಂದು ಮಾತು ಹೇಳಲಿಲ್ಲೇನು? ಹೇಳಿದ್ರ ಜ್ವಾರಾಗಿ ಹೇಳ್ರಿ, ನನಗೂ ಕೇಳಲಿ."

ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದು ಕೂತರು. ಕೊರಳಲ್ಲಿ ಕರಡಿಗೆ ಇತ್ತು. ಹುಡುಗ ಆಚೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ನಾನು ಪ್ರಾರ್ಥನೆ ಮಾಡಿದೆ. ಆಫೀಸಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು ಹಿಂದಿ, ಚರ್ಚಿನಲ್ಲಿ ಪುಸ್ತಕದ ಕನ್ನಡ. ಆ ರಾತ್ರಿ ಬಾಯಿಗೆ ಬಂದದ್ದು ಆಯಿಯ ಕನ್ನಡ. ಇವರ ನೋವು ಕಮ್ಮಿ ಮಾಡಪ್ಪಾ, ಈ ಅವ್ವನಿಗೆ ಗಟ್ಟಿ ಕೊಡು, ಈ ಹುಡುಗನ ಕೈ ಬಿಡಬ್ಯಾಡ ಅಂದೆ. ವಾಸಿ ಮಾಡು ಎಂದೂ ಕೇಳಿದೆ, ಮಾಡುತ್ತೀ ಎಂದು ದೇವರ ಪರವಾಗಿ ನಾನು ಮಾತು ಕೊಡಲಿಲ್ಲ. ಆಮೆನ್ ಅಂದಾಗ ಅವರೂ ಆಮೆನ್ ಅಂದು, ತಮ್ಮ ಚೀಲದಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡರು. ನನಗೂ ಒಂದು ಬಾಳೆಹಣ್ಣು ಕೊಟ್ಟರು.

ಹನ್ನೆರಡನೇ ದಿನ ಅವನ ಅಪ್ಪ ತೀರಿಕೊಂಡರು.

ಮಣ್ಣಿಗೆ ನಾನೂ ಹೋಗಿದ್ದೆ. ಅವರ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಹೊರಡುವಾಗ ಆ ತಾಯಿ ನನ್ನ ಕೈ ಹಿಡಿದು, "ನೀವು ಆವತ್ತು ಮಾತಾಡಿದ್ದು ಕೇಳಿ ನನಗ ನಿದ್ದಿ ಬಂದಿತ್ತಣ್ಣಾ" ಅಂದರು. ಇನ್ನೇನೂ ಅನ್ನಲಿಲ್ಲ.

ನಾವು ಬೀದರ್ ಕಡೆಯ ಕೆಲವು ಮನೆಯವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕನ್ನಡದಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಅಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯ ಅಂಕಲ್ ಕೇಳಿದರು, "ಮತ್ತ ರಕ್ಷಣೆಯ ವಿಷಯ ಪೂರಾ ಹೇಳಿದೇನು? ಬಾಗಿಲು ತೆರೆದಿತ್ತಲ್ಲ, ನೀ ಹೊಸ್ತಿಲ ಮ್ಯಾಲೇ ನಿಂತು ಬಂದಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹಳ್ಳಿಗಳಲ್ಲಿ ಏಟು ತಿಂದೂ ಸುವಾರ್ತೆ ಹೇಳಿದವರು ಅವರು, ಅವರ ಮುಂದೆ ನಾನು ಯಾವ ಲೆಕ್ಕ. ಉತ್ತರ ಕೊಡಲಿಲ್ಲ. ಇವತ್ತೂ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ.

ಇಷ್ಟು ಮಾತ್ರ ಹೇಳಬಲ್ಲೆ. ನಮ್ಮಲ್ಲಿ ಈ ಕೆಲಸಕ್ಕೆ 'ಸಾಕ್ಷಿ ಹೇಳುವುದು' ಅನ್ನುತ್ತಾರೆ. ಸಾಕ್ಷಿ ಎಂದರೆ ಕೋರ್ಟಿನ ಮಾತು. ಸಾಕ್ಷಿಯಾದವನು ವಕೀಲನಲ್ಲ, ಗೆಲ್ಲಿಸುವುದು ಅವನ ಕೆಲಸವಲ್ಲ. ನ್ಯಾಯಾಧೀಶನೂ ಅಲ್ಲ, ತೀರ್ಪು ಅವನದ್ದಲ್ಲ. ಕಂಡದ್ದನ್ನು ಹೇಳಬೇಕು, ಕಾಣದ್ದನ್ನು ಹೇಳಬಾರದು. ಸುರತ್ಕಲ್‌ನಲ್ಲಿ ನಾನು ಕಾಣದ್ದನ್ನು ಹೇಳಿದೆ. ಆ ತಾಯಿ ವಾಸಿಯಾಗುತ್ತಾರೆಂದು ನನಗೇನು ಗೊತ್ತಿತ್ತು? ಮೆಟ್ರೋದಲ್ಲಿ ಕಂಡದ್ದನ್ನು ಮುಚ್ಚಿಟ್ಟೆ. ಎರಡೂ ಸುಳ್ಳು ಸಾಕ್ಷಿಯೇ. ಅದೇ ಪೇತ್ರ ಮುಂದೆ ವಯಸ್ಸಾದ ಮೇಲೆ ಬರೆದನೆಂದು ಹೇಳುವ ಮೊದಲ ಪತ್ರದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ತಯಾರಿರಿ, ಆದರೆ ಸಾತ್ವಿಕತೆಯಿಂದ ಹೇಳಿ ಎಂಬ ಅರ್ಥದ ಬುದ್ಧಿಮಾತಿದೆ. ಅಂಗಳದಲ್ಲಿ ಉತ್ತರ ತಪ್ಪಿಸಿದವನ ಹೆಸರಿನಲ್ಲೇ ಈ ಮಾತು ಇರುವುದು ನನಗೆ ಸಮಾಧಾನ.

ಆಮೇಲೆ ನಾನು ನನಗೇ ಎರಡು ನಿಯಮ ಹಾಕಿಕೊಂಡೆ. ಯಾರ ಅಪ್ರೈಸಲ್ ನನ್ನ ಕೈಯಲ್ಲಿದೆಯೋ ಅವರ ಹತ್ತಿರ ನಾನಾಗಿ ಈ ವಿಷಯ ಎತ್ತುವುದಿಲ್ಲ. ಯಾರೇ ಕೇಳಿದರೂ ಇನ್ನು ಸುಳ್ಳು ಹೇಳುವುದಿಲ್ಲ.

ಹುಡುಗ ಹೋದ ಏಪ್ರಿಲಿನಲ್ಲಿ ಬೇರೆ ಪ್ರಾಜೆಕ್ಟಿಗೆ ಹೋದ. ಈಗ ಅವನ ಮ್ಯಾನೇಜರ್ ನಾನಲ್ಲ. ಆದರೂ ಬೆಳಿಗ್ಗೆ ಒಟ್ಟಿಗೇ ಹೋಗುತ್ತೇವೆ. ಒಂದು ದಿನ ಮೂಸಿ ಬಂದಾಗ ನಾನೇ ಅಂದೆ, "ನಿನಗೊಂದು ಸುಳ್ಳು ಹೇಳೀನಿ. ಅದು ಬ್ರೀದಿಂಗ್ ಎಕ್ಸರ್‌ಸೈಜ್ ಅಲ್ಲ. ಪ್ರಾರ್ಥನೆ ಮಾಡ್ತೀನಿ."

"ಗೊತ್ತದ ಸರ್," ಅಂದ. "ಅವ್ವ ಹೇಳ್ಯಾಳ. ನನ್ನ ಹೆಸರೂ ತಗೋತೀರೇನ್ರಿ ಅದರಾಗ?"

"ದಿನಾ."

ಅವನು ಕಿಟಕಿಯಾಚೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪ ಉಳೀಲಿಲ್ಲಲ್ಲ ಸರ್. ಮತ್ತ ಯಾಕ ಕೇಳ್ತೀರಿ ದಿನಾ?"

ಇದು ನಿಜವಾದ ಪ್ರಶ್ನೆ. ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ನಾನು ನಂಬುವ ದೇವರು ತಾನೇ ಶಿಲುಬೆಯ ಮೇಲೆ ಸತ್ತವನು, ಹಾಗಾಗಿ ಸಾವಿನ ಮನೆಗೆ ಅವನನ್ನು ಕರೆಯಲು ನನಗೆ ಸಂಕೋಚವಿಲ್ಲ ಅಂದೆ. ನಮ್ಮ ಮುತ್ಯಾನ ಅಪ್ಪನ ಕೇರಿಗೆ ಯಾರೂ ಬಾರದಿದ್ದಾಗ ಈ ಸುದ್ದಿ ಹೊತ್ತು ಒಬ್ಬರು ಬಂದಿದ್ದರು ಅಂದೆ. ನಿನ್ನ ಅಪ್ಪ ಯಾಕೆ ಉಳಿಯಲಿಲ್ಲ ಎಂಬುದು ಮಾತ್ರ ನನಗೆ ತಿಳಿಯದು ಅಂದೆ. ಅವನು ತಮ್ಮ ಮಠದ ಅಜ್ಜಾರು ಅಪ್ಪನ ಸಮಾಧಿಯ ದಿನ ಹೇಳಿದ ಮಾತುಗಳನ್ನು ಹೇಳಿದ. ನಾನು ಕೇಳಿದೆ. ಅವನ ಮಾತು ಇನ್ನೂ ಮುಗಿದಿರಲಿಲ್ಲ, ಅಮೀರ್‌ಪೇಟೆ ಬಂತು. ರೈಲು ಬದಲಿಸಬೇಕಿತ್ತು, ಇಳಿದೆವು.

ಅವನ ಹಣೆಯ ಮೇಲೆ ವಿಭೂತಿ ಇವತ್ತೂ ಇದೆ. ನಾನು ಈಗ ಬೆಳಿಗ್ಗೆ ರಸ್ತೆ ದಾಟುವುದಿಲ್ಲ. ಆ ಹಿರಿಯರು ಕೊಡುವ ಕಾಗದ ಇಸಿದುಕೊಂಡು, ನಮಸ್ಕಾರ ಅಂದು, ಮೆಟ್ಟಿಲು ಹತ್ತುತ್ತೇನೆ.